ಕುಂಬಾರನಿಗೆ ವರುಷ: ಯಾವುದನ್ನು ಸುಡಬೇಕು, ಯಾವುದನ್ನು ಕರಗಲು ಬಿಡಬೇಕು?

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಷ್ಟಪಟ್ಟು ಕಟ್ಟಿದ್ದನ್ನು ಯಾರಾದರೂ ಕ್ಷಣದಲ್ಲಿ ಕೆಡಿಸಿದಾಗ ಹಿರಿಯರು ಈ ಮಾತು ಹೇಳುತ್ತಾರೆ. ಮಗ ಅಪ್ಪನ ಹೆಸರು ಕೆಡಿಸಿದಾಗ, ಒಂದು ಚಾಡಿಮಾತಿನಿಂದ ಸಂಸಾರ ಒಡೆದಾಗ ಗಾದೆ ತಾನಾಗಿ ಬಾಯಿಗೆ ಬರುತ್ತದೆ. ಆದರೆ ಹೇಳುವವರೆಲ್ಲ ದೊಣ್ಣೆಯ ಕಡೆ ನೋಡುತ್ತಾರೆ. ಕುಂಬಾರನ ಕಡೆ ನೋಡುವವರು ಕಡಿಮೆ. ಮಡಕೆ ಒಡೆಯುತ್ತದೆ ಅಂತ ಅವನಿಗೆ ಗೊತ್ತಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾರನೆಯ ದಿನ ಬೆಳಗ್ಗೆ ಎದ್ದು ಮತ್ತೆ ಮಣ್ಣು ತುಳಿಯುತ್ತಾನೆ. ಒಡೆದುಹೋಗುವ ವಸ್ತುವನ್ನು ಇಷ್ಟು ಜೋಪಾನವಾಗಿ ಮಾಡುವುದರಲ್ಲಿ ಏನು ಅರ್ಥವಿದೆ?

ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಬರುವ ಭಕ್ತರಿಗೆ ಈ ಪ್ರಶ್ನೆ ದಾರಿಯಲ್ಲೇ ಎದುರಾಗುತ್ತದೆ. ಮೆಟ್ಟಿಲ ಮಗ್ಗುಲಲ್ಲಿ ಕುಳಿತಿರುವ ದೊಡ್ಡ ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನದ್ದು. ಒಂದೇ ಬಂಡೆಯಲ್ಲಿ ಕಡೆದದ್ದು. ಮುನ್ನೂರೈವತ್ತು ವರ್ಷಗಳ ಮಳೆ ಬಿಸಿಲು ಅದನ್ನು ಅಲುಗಾಡಿಸಿಲ್ಲ. ಅದೇ ನಂದಿಯ ಮುಂದೆ ಭಕ್ತೆಯೊಬ್ಬಳು ಹಚ್ಚಿಡುವ ಮಣ್ಣಿನ ಹಣತೆ ಸಂಜೆಯ ಹೊತ್ತಿಗೆ ಯಾರದೋ ಕಾಲು ತಾಗಿ ಎರಡು ಹೋಳಾಗಿರುತ್ತದೆ. ಕಲ್ಲುಕುಟಿಗನ ಕೆಲಸ ನಿಂತಿತು, ಕುಂಬಾರನ ಕೆಲಸ ಹೋಯಿತು. ಹಾಗಾದರೆ ಕುಂಬಾರನ ಕೆಲಸ ಕಡಿಮೆಯದೇ? ಬಹಳ ಜನ ಹೌದು ಎಂದೇ ತಿಳಿದಿದ್ದಾರೆ. ಮಣ್ಣಿನದು ತಾನೇ, ಎರಡು ರೂಪಾಯಿ ಕಡಿಮೆ ಮಾಡಿ ಕೊಡಪ್ಪ ಎನ್ನುವ ಮಾತಿನ ಹಿಂದೆ ಇರುವುದು ಈ ತಿಳಿವಳಿಕೆಯೇ.

ಮಣ್ಣು ಮಡಕೆಯಾಗುವ ಬಗೆ

ಮೈಸೂರು ನಗರದಲ್ಲಿ ಕುಂಬಾರಗೇರಿ ಇದೆ. ಮೇಟಗಳ್ಳಿ ಕಡೆ ಕುಂಬಾರಕೊಪ್ಪಲು ಇದೆ. ಹಿಂದೆ ಊರೂರಿಗೆ ಮಡಕೆ, ಕುಡಿಕೆ, ಹೆಂಚು ಒದಗಿಸುತ್ತಿದ್ದ ಕುಲದ ನೆನಪು ಈ ಹೆಸರುಗಳಲ್ಲಿದೆ. ಈಗ ಮನೆಮನೆಗೆ ಸ್ಟೀಲು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಂದು ಮಡಕೆಯ ಅಡುಗೆ ಕಡಿಮೆಯಾಗಿದೆ. ಆದರೂ ಗೌರಿ ಗಣೇಶ ಹಬ್ಬಕ್ಕೆ, ದಸರಾ ಗೊಂಬೆಗೆ, ದೀಪಾವಳಿಯ ಹಣತೆಗೆ, ಬೇಸಿಗೆಯ ನೀರಿನ ಮಡಕೆಗೆ, ಹೂಕುಂಡಕ್ಕೆ ಜನ ಕುಂಬಾರರನ್ನು ಹುಡುಕಿಕೊಂಡು ಹೋಗುತ್ತಾರೆ. ಗಣೇಶನ ಕೆಲಸವಂತೂ ಹಬ್ಬಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಶುರು.

ಮಣ್ಣಿನ ಕೆಲಸದಲ್ಲಿ ಆತುರ ನಡೆಯುವುದಿಲ್ಲ. ಕೆರೆಯಂಗಳದ ಜೇಡಿಮಣ್ಣನ್ನು ತಂದು ಒಣಗಿಸಬೇಕು, ಕುಟ್ಟಬೇಕು, ಜರಡಿ ಹಿಡಿಯಬೇಕು, ನೆನೆಹಾಕಬೇಕು. ಬರೀ ಜೇಡಿಯಾದರೆ ಒಣಗುವಾಗ ಬಿರುಕು ಬಿಡುತ್ತದೆ ಅಂತ ಸಣ್ಣ ಮರಳನ್ನೋ ಬೂದಿಯನ್ನೋ ಹದವಾಗಿ ಸೇರಿಸುತ್ತಾರೆ. ಆಮೇಲೆ ಕಾಲಿನಲ್ಲಿ ತುಳಿಯುವ ಕೆಲಸ. ಒಳಗೆ ಒಂದು ಸಣ್ಣ ಕಲ್ಲು ಉಳಿದರೂ ಮುಂದೆ ಅದೇ ಜಾಗದಲ್ಲಿ ಮಡಕೆ ಸೀಳುತ್ತದೆ. ತುಳಿಯುವವನ ಅಂಗಾಲಿಗೆ ಆ ಕಲ್ಲು ಗೊತ್ತಾಗಬೇಕು.

ತಿಗರಿಯ ಮೇಲೆ ಮಡಕೆ ಪೂರ್ತಿ ಆಗುವುದಿಲ್ಲ ಎಂಬುದು ಹೊರಗಿನವರಿಗೆ ತಿಳಿಯದ ಸಂಗತಿ. ತಿರುಗುವ ತಿಗರಿಯಲ್ಲಿ ಬಾಯಿ, ಕಂಠ, ದಪ್ಪನೆಯ ಗೋಡೆ ಇಷ್ಟೇ ಆಗುತ್ತದೆ. ಅದನ್ನು ದಾರದಿಂದ ಕೊಯ್ದು ಇಳಿಸಿ ಅರೆ ಒಣಗಲು ಬಿಡುತ್ತಾರೆ. ಆಮೇಲೆ ಒಳಗೆ ಒಂದು ಕೈಯಲ್ಲಿ ಕಲ್ಲುಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ ಹೊಟ್ಟೆಯನ್ನು ದೊಡ್ಡದು ಮಾಡುತ್ತಾರೆ. ಹೊರಗಿನ ಏಟಿಗೆ ಒಳಗಿನ ಕೈಯ ಆಸರೆ ಇರಬೇಕು. ಆಸರೆ ತಪ್ಪಿದರೆ ತೂತು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳಿಗೆ ಈ ಒಂದು ದೃಶ್ಯ ಸಾಕು, ಬೇರೆ ಉಪದೇಶ ಬೇಡ.

ಒಣಗಿಸುವುದೂ ನೆರಳಲ್ಲಿ, ನಿಧಾನವಾಗಿ. ಕೈಗೆ ಒಣಗಿದಂತೆ ಕಂಡರೂ ಕೆನ್ನೆಗೆ ಒತ್ತಿ ನೋಡಿದರೆ ತಣ್ಣಗೆ ಹತ್ತುತ್ತದೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಅಂಥದನ್ನು ಅವಸರದಲ್ಲಿ ಆವಿಗೆಗೆ ಇಟ್ಟರೆ ಆ ನೀರು ಹಬೆಯಾಗಿ ಮಡಕೆಯನ್ನು ಒಳಗಿನಿಂದಲೇ ಸಿಡಿಸುತ್ತದೆ. ಪಕ್ಕದ ನಾಲ್ಕು ಮಡಕೆಗೂ ಕೇಡು. ಸಿಡಿದದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನೂರು ಇಟ್ಟು ಎಂಬತ್ತು ಉಳಿದರೆ, ಆ ಎಂಬತ್ತರ ಬೆಲೆಯಲ್ಲೇ ನೂರರ ಮಣ್ಣು, ನೂರರ ಸೌದೆ, ನೂರರ ಕೂಲಿ ಹೊರಡಬೇಕು. ಎರಡು ರೂಪಾಯಿ ಕಡಿಮೆ ಕೇಳುವವರಿಗೆ ಈ ಲೆಕ್ಕ ಕಾಣಿಸುವುದಿಲ್ಲ.

ಬೆಂಕಿ ಎಷ್ಟು ಇರಬೇಕು

ಆವಿಗೆಯ ಬೆಂಕಿ 500-600 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಅಲ್ಲಿಯವರೆಗೆ ಹೋಗುವುದು ಮಣ್ಣಿಗೆ ಅಂಟಿದ ತೇವ. ಆಗ ಹೋಗುವುದು ಮಣ್ಣಿನ ಕಣದಲ್ಲೇ ಸೇರಿಕೊಂಡಿರುವ ನೀರಿನ ಅಂಶ. ಅದು ಹೋದ ಮೇಲೆ ಮಣ್ಣು ಮತ್ತೆ ಮೊದಲಿನ ಮಣ್ಣಾಗುವುದಿಲ್ಲ. ಒಣಗಿದ ಹಸಿ ಮಡಕೆಯನ್ನು ನೀರಿಗೆ ಹಾಕಿದರೆ ಸ್ವಲ್ಪ ಹೊತ್ತಿಗೇ ಕೆಸರು. ಬೆಂದ ಮಡಕೆಯನ್ನು ನೂರು ವರ್ಷ ನೀರಲ್ಲಿಟ್ಟರೂ ಕೆಸರಾಗದು. ಕಬ್ಬಿಣದ ಅಂಶ ಇರುವ ಮಣ್ಣು ಗಾಳಿಯಾಡುವ ಬೆಂಕಿಯಲ್ಲಿ ಕೆಂಪಾಗುತ್ತದೆ. ಅದೇ ಮಣ್ಣನ್ನು ಗಾಳಿ ಮುಚ್ಚಿ ಹೊಗೆಯಲ್ಲಿ ಸುಟ್ಟರೆ ಕಪ್ಪಾಗುತ್ತದೆ.

ಆದರೆ ಎಲ್ಲವನ್ನೂ ಒಂದೇ ಬೆಂಕಿಯಲ್ಲಿ ಸುಡುವುದಿಲ್ಲ. ಕುಂಬಾರನ ವಿವೇಕ ಇರುವುದು ಇಲ್ಲಿ. ಪಿಂಗಾಣಿಯನ್ನು 1,200 ಡಿಗ್ರಿಗೂ ಮೇಲೆ ಸುಡುತ್ತಾರೆ. ಅದರಲ್ಲಿ ಒಂದು ಸಣ್ಣ ರಂಧ್ರವೂ ಉಳಿಯಬಾರದು. ಹಿಂದಿನ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಪಿಂಗಾಣಿ ಕಾರ್ಖಾನೆಯಲ್ಲಿ ವಿದ್ಯುತ್ ಕಂಬದ ಪಿಂಗಾಣಿ ತಯಾರಾಗುತ್ತಿತ್ತು. ಅದರಲ್ಲಿ ನೀರು ಇಂಗಿದರೆ ಕರೆಂಟು ಹರಿದು ಜೀವ ಹೋಗುತ್ತದೆ.

ನೀರಿನ ಮಡಕೆಗೆ ಅಷ್ಟು ಬೆಂಕಿ ಕೊಟ್ಟರೆ ಅದು ಕೆಟ್ಟಂತೆಯೇ. 700ರಿಂದ 900 ಡಿಗ್ರಿಯಲ್ಲಿ ಬೆಂದ ಮಡಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಅವುಗಳ ಮೂಲಕ ನೀರು ಹೊರಗೆ ಬೆವರಿ, ಆರುವಾಗ ಒಳಗಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಅದಕ್ಕೇ ಮಡಕೆ ನೀರು ತಂಪು. ಮಡಕೆಗೆ ಚೆಂದ ಕಾಣಲಿ ಅಂತ ಹೊರಗೆಲ್ಲ ಪೇಂಟು ಬಳಿದವರ ಮನೆಯಲ್ಲಿ ನೀರು ತಣ್ಣಗಾಗುವುದಿಲ್ಲ.

ಇನ್ನು ಗಣೇಶನಿಗೆ ಬೆಂಕಿಯೇ ಇಲ್ಲ. ಅದು ಕರಗಬೇಕಾದದ್ದು. ಕೈ ಕಾಲು, ಸೊಂಡಿಲು, ಕಿರೀಟದ ಒಂದೊಂದು ಎಳೆ ತಿದ್ದಿ, ಬಣ್ಣ ಕೊಟ್ಟು, ಕಣ್ಣು ಬರೆದು, ಕೊನೆಗೆ ಸುಡದೆ ಬಿಡುತ್ತಾರೆ. ಸುಟ್ಟರೆ ಗಟ್ಟಿಯಾಗುತ್ತದೆ ಅಂತ ಕುಂಬಾರನಿಗೆ ಗೊತ್ತಿಲ್ಲವೇ? ಹಬ್ಬ ಮುಗಿದ ಮೇಲೆ ನೀರಿಗೆ ಬಿಟ್ಟಾಗ ದೇವರು ಮಣ್ಣಿಗೆ ಮರಳಬೇಕು, ಅದಕ್ಕಾಗಿ ಹಸಿ.

ಕುಂಬಾರ ಒಬ್ಬನೇ, ಮಣ್ಣೂ ಒಂದೇ. ಒಂದನ್ನು ಪೂರ್ತಿ ಗಟ್ಟಿ ಮಾಡುತ್ತಾನೆ, ಒಂದನ್ನು ಹದವಾಗಿ ಬೇಯಿಸುತ್ತಾನೆ, ಒಂದನ್ನು ಕರಗಲು ಬಿಡುತ್ತಾನೆ. ಜೋಪಾನ ಮಾತ್ರ ಮೂರಕ್ಕೂ ಸಮ. ಕರಗುವ ಗಣೇಶನ ಕಣ್ಣು ಬರೆಯುವಾಗ ಹೇಗಿದ್ದರೂ ನಾಳೆ ನೀರಿಗೆ ಹೋಗುತ್ತದಲ್ಲ ಅಂತ ಅವನು ಕೈ ಸಡಿಲ ಬಿಡುವುದಿಲ್ಲ. ಪೂಜೆ ನಡೆಯುವ ಆ ಒಂದು ದಿನಕ್ಕೆ ಆ ಕಣ್ಣು ಪೂರ್ತಿ ಕಣ್ಣಾಗಿರಬೇಕು. ಮದುವೆಗೆ ಕುಂಬಾರರ ಮನೆಯಿಂದ ವಾಲಗ ಊದಿಸಿಕೊಂಡು ತರುವ ಐರಣೆ ಮಡಕೆ ನಾಲ್ಕು ದಿನದ ಶಾಸ್ತ್ರಕ್ಕೆ. ಸ್ಮಶಾನದಲ್ಲಿ ಹೆಗಲ ಮೇಲಿಟ್ಟು ಸುತ್ತು ಬಂದು ಒಡೆಯುವ ಮಡಕೆ ಒಂದು ಗಳಿಗೆಗೆ. ಆ ಗಳಿಗೆಯಲ್ಲಿ ಅದು ಮೊದಲೇ ಸೋರಿದರೆ ಮಗನ ಕೈ ನಡುಗುತ್ತದೆ. ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಕೆಲಸದ ಬೆಲೆ ನಿಲ್ಲುವುದಿಲ್ಲ. ಇರುವಷ್ಟು ಹೊತ್ತು ಕೈಬಿಡದೆ ಇರುವುದೇ ಅದರ ಬೆಲೆ. ಮೊದಲು ಎತ್ತಿದ ಪ್ರಶ್ನೆಗೆ ಇದು ಅರ್ಧ ಉತ್ತರ.

ತಿರುವುಮುರುವು

ಉಳಿದರ್ಧ ಇನ್ನೂ ಮುಖ್ಯವಾದದ್ದು. ಕುಂಬಾರನಿಗೆ ಗೊತ್ತಿರುವ ಈ ವಿವೇಕವನ್ನು ಇಂದಿನ ಜನ ತಿರುವುಮುರುವು ಮಾಡಿಕೊಂಡಿದ್ದಾರೆ. ಕರಗಬೇಕಾದದ್ದನ್ನು ಗಟ್ಟಿ ಮಾಡುತ್ತಾರೆ, ಗಟ್ಟಿಯಾಗಬೇಕಾದದ್ದನ್ನು ಹಸಿಯಾಗಿ ಬಿಡುತ್ತಾರೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣೇಶನನ್ನೇ ನೋಡಬಹುದು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಪುಡಿ ಮಾಡಿದರೆ ಈ ಪ್ಲಾಸ್ಟರ್. ಜೇಡಿಮಣ್ಣಿಗೆ ನೀರು ತಾಗಿದರೆ ಮೆತ್ತಗಾಗುತ್ತದೆ. ಈ ಪುಡಿಗೆ ನೀರು ತಾಗಿದರೆ ನಿಮಿಷಗಳಲ್ಲಿ ಕಲ್ಲಿನಂತೆ ಬಿಗಿಯುತ್ತದೆ. ಅಚ್ಚಿಗೆ ಹೊಯ್ದರೆ ದಿನಕ್ಕೆ ಎಷ್ಟು ಬೇಕಾದರೂ ತೆಗೆಯಬಹುದು, ಹಗುರ, ಹೊಳಪು, ಅಗ್ಗ. ಆದರೆ ವಿಸರ್ಜನೆ ಆದ ಮೇಲೆ ಕೆರೆಯ ನೀರು ಇಳಿದಾಗ ದೇವರ ಮುರಿದ ಕೈ, ಬಣ್ಣ ಹೋದ ಮುಖ ದಡದಲ್ಲಿ ಬಿದ್ದಿರುತ್ತವೆ. ಬೀಳ್ಕೊಟ್ಟ ದೇವರು ಹೋಗಲಾರದೆ ಉಳಿದಂತೆ. ಕರ್ನಾಟಕದಲ್ಲಿ 2016ರಲ್ಲೇ ಇಂಥ ವಿಗ್ರಹಗಳನ್ನು ಕೆರೆ ನದಿಗಳಿಗೆ ಬಿಡಬಾರದೆಂದು ಆದೇಶವಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲೂ ಇದನ್ನೇ ಹೇಳಿತು. ಕಾನೂನು ಹೇಳುವುದಕ್ಕೆ ಮೊದಲೇ ವಿಸರ್ಜನೆ ಎಂಬ ಪದವೇ ಹೇಳಿತ್ತು. ಹೋಗಲು ಬಿಡುವುದಕ್ಕೆ ವಿಸರ್ಜನೆ ಅನ್ನುವುದು.

ಪ್ಲಾಸ್ಟಿಕ್ ಲೋಟದ ಕಥೆಯೂ ಅದೇ. ಬೆಟ್ಟ ಹತ್ತುವವರ ಬಾಯಾರಿಕೆ ಎರಡು ನಿಮಿಷದ್ದು. ಅದಕ್ಕೆ ನೂರಾರು ವರ್ಷ ಸಾಯದ ಲೋಟ! ಒಮ್ಮೆ ಬಳಸಿ ಎಸೆಯುವ ಇಂಥ ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಬಂದಿದೆ. ಸುಟ್ಟ ಮಣ್ಣಿನ ಕುಡಿಕೆಯೂ ಕರಗುವುದಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು, ನ್ಯಾಯವಾದ ಪ್ರಶ್ನೆ. ಕರಗುವುದಿಲ್ಲ ನಿಜ. ಆದರೆ ಅದರ ಚೂರು ಯಾವ ಹಸುವಿನ ಹೊಟ್ಟೆಗೂ ಹೋಗಿ ಕೂರುವುದಿಲ್ಲ, ಮಣ್ಣಿನಲ್ಲಿ ಮಣ್ಣಿನಂತೆ ಸುಮ್ಮನೆ ಇರುತ್ತದೆ.

ಆ ಚೂರು ಸುಮ್ಮನೆ ಇರುವುದಷ್ಟೇ ಅಲ್ಲ, ಸಾಕ್ಷಿಯನ್ನೂ ಹೇಳುತ್ತದೆ. ಮೈಸೂರಿನಿಂದ ಸುಮಾರು 30 ಕಿಲೋಮೀಟರ್ ದೂರದ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆ ಕೂಡುವಲ್ಲಿ, 1959-60ರಲ್ಲಿ ಆರಂಭವಾದ ಉತ್ಖನನದಲ್ಲಿ ನವಶಿಲಾಯುಗದ ಮಡಕೆ ಚೂರುಗಳು ಸಿಕ್ಕಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ, ಯಾವ ಪದರ ಯಾವ ಕಾಲದ್ದು ಅಂತ ನಿರ್ಧರಿಸಲು ಮುಖ್ಯ ಆಧಾರವಾದದ್ದು ಮಡಕೆ ಚೂರುಗಳು. ಮೂರು ಸಾವಿರ ವರ್ಷಕ್ಕೂ ಹಿಂದೆ ಯಾವುದೋ ಹೆಸರಿಲ್ಲದ ಕೈ ಮಾಡಿದ ಮಡಕೆ ಅದು. ಅಂದು ಅಲ್ಲಿ ಇದ್ದ ಗುಡಿಸಲಿಲ್ಲ, ಉಟ್ಟ ಬಟ್ಟೆಯಿಲ್ಲ, ಆಡಿದ ಮಾತಿಲ್ಲ. ಬೆಂದ ಮಣ್ಣು ಇದೆ. ದೊಣ್ಣೆ ಮಡಕೆಯ ಆಕಾರವನ್ನು ನಿಮಿಷದಲ್ಲಿ ಒಡೆಯಿತು, ಅದು ಬೆಂದದ್ದನ್ನು ಒಡೆಯಲಾಗಲಿಲ್ಲ.

ಮನುಷ್ಯನ ಆವಿಗೆ

ಸಂತರು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಪಂಢರಾಪುರದ ವಿಠ್ಠಲನ ಭಕ್ತ ಗೋರಾ ಕುಂಬಾರನ ಕಥೆ ಕನ್ನಡಿಗರಿಗೆ ಹೊಸದಲ್ಲ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ, ಡಾ. ರಾಜ್‌ಕುಮಾರ್ ಅಭಿನಯದ ‘ಭಕ್ತ ಕುಂಬಾರ’ ಚಿತ್ರ 1974ರಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿತು. ಸಂತರೆಲ್ಲ ಕೂಡಿದ್ದಾಗ ಇಲ್ಲಿ ಬೆಂದ ಮಡಕೆ ಯಾವುದು, ಹಸಿ ಮಡಕೆ ಯಾವುದು ನೋಡಿ ಹೇಳು ಅಂತ ಮುಕ್ತಾಬಾಯಿ ಗೋರಾನನ್ನು ಕೇಳಿದಳಂತೆ. ಗೋರಾ ಮಡಕೆ ತಟ್ಟುವ ಹಲಗೆ ತಂದು ಒಬ್ಬೊಬ್ಬರ ತಲೆಯನ್ನೂ ತಟ್ಟುತ್ತಾ ಬಂದ. ಎಲ್ಲರೂ ಸುಮ್ಮನಿದ್ದರು, ನಾಮದೇವ ಮಾತ್ರ ಸಿಟ್ಟಾದ. ಈ ಮಡಕೆ ಇನ್ನೂ ಬೆಂದಿಲ್ಲ ಅಂತ ಗೋರಾ ಹೇಳಿಬಿಟ್ಟ. ನಾಮದೇವನಿಗೆ ಆ ಮಾತು ಚುಚ್ಚಿತು. ಆಮೇಲೆ ಗುರುವನ್ನು ಹುಡುಕಿಕೊಂಡು ಹೋದ, ಮಹಾಸಂತನಾದ.

ಕನ್ನಡ ನಾಡಿನ ಶರಣ, ಭಾಲ್ಕಿಯ ಕುಂಬಾರ ಗುಂಡಯ್ಯನ ಕಥೆ ಇನ್ನೂ ಸೊಗಸು. ಹರಿಹರ ಕವಿ ಅವನ ಮೇಲೆ ರಗಳೆ ಬರೆದಿದ್ದಾನೆ. ಗುಂಡಯ್ಯ ಮಡಕೆ ತಟ್ಟುವ ನಾದಕ್ಕೆ ಶಿವನೇ ಬಂದು ಕುಣಿದನಂತೆ. ಗುಂಡಯ್ಯ ಕೆಲಸ ಬಿಟ್ಟು ಪೂಜೆಗೆ ಕೂತಾಗ ಶಿವ ಬಂದದ್ದಲ್ಲ. ಸಂತೆಗೆ ಹೋಗಿ, ಯಾರದೋ ಒಲೆಯ ಮೇಲೆ ಕೂತು, ಒಂದು ದಿನ ಒಡೆದುಹೋಗುವ ಮಡಕೆಯನ್ನು ತಟ್ಟುತ್ತಿದ್ದಾಗ ಬಂದದ್ದು.

ಇನ್ನು ಬೆಟ್ಟಕ್ಕೆ ಬರುವ ಭಕ್ತರ ವಿಚಾರ. ಕಷ್ಟ ಬಂದಾಗ ತಾಯಿಯ ಮುಂದೆ ನಿಂತು ಮಾತು ಕೊಡುತ್ತಾರೆ. ಕುಡಿಯುವುದು ಬಿಡುತ್ತೇನೆ, ತಂಗಿಯ ಪಾಲು ಕೊಡುತ್ತೇನೆ, ಮುದಿ ತಾಯಿಯನ್ನು ಮನೆಗೆ ಕರೆದುಕೊಂಡು ಬರುತ್ತೇನೆ. ಕಷ್ಟ ಕಳೆದ ಮೇಲೆ ಮೊದಲ ಮಳೆಗೇ ಆ ಮಾತು ಕೆಸರು. ಬೆಂಕಿ ಕಾಣದ ಮಡಕೆ ಅದು. ಅದೇ ಮನುಷ್ಯ, ಇಪ್ಪತ್ತು ವರ್ಷದ ಹಿಂದೆ ಅಣ್ಣ ಜಮೀನಿನ ಬದುವಿನ ವಿಷಯದಲ್ಲಿ ಆಡಿದ ಒಂದು ಮಾತನ್ನು ಎದೆಯ ಆವಿಗೆಯಲ್ಲಿ ಹಗಲು ರಾತ್ರಿ ಸುಟ್ಟು ಪಿಂಗಾಣಿ ಮಾಡಿ ಇಟ್ಟುಕೊಂಡಿರುತ್ತಾನೆ. ಒಂದು ಹನಿ ನೀರೂ ಅದರೊಳಗೆ ಇಂಗುವುದಿಲ್ಲ. ಅಣ್ಣ ಆಷಾಢದ ಮೊದಲ ಶುಕ್ರವಾರ ಬಂದರೆ ತಮ್ಮ ಎರಡನೆಯ ಶುಕ್ರವಾರ ಬರುತ್ತಾನೆ. ಇಬ್ಬರೂ ಕೈಮುಗಿಯುವುದು ಒಬ್ಬಳೇ ತಾಯಿಗೆ.

ಇಲ್ಲಿ ಒಂದು ಕಷ್ಟವನ್ನೂ ಒಪ್ಪಬೇಕು. ಯಾವುದು ಕರಗಬೇಕಾದ ಸಿಟ್ಟು, ಯಾವುದು ನಿಲ್ಲಬೇಕಾದ ನ್ಯಾಯ ಅಂತ ಹೇಳುವುದು ಸುಲಭವಲ್ಲ. ಮೋಸ ಹೋದವಳಿಗೆ ಮರೆತುಬಿಡು ತಾಯಿ ಅಂತ ಬುದ್ಧಿ ಹೇಳುವವರು ಬಹಳ. ಅದು ಧರ್ಮವಲ್ಲ. ಅವಳಿಗೆ ಸಿಗಬೇಕಾದ ಪಾಲು ಬೆಂದ ಮಡಕೆಯಂತೆ ನಿಲ್ಲಬೇಕಾದದ್ದು. ಅದನ್ನು ಕೇಳುವಾಗ ಹುಟ್ಟುವ ದ್ವೇಷ, ಅವರ ಮಕ್ಕಳೂ ಹಾಳಾಗಲಿ ಎಂಬ ಶಾಪ, ಇವು ಗಣೇಶನ ಜೊತೆ ನೀರಿಗೆ ಹೋಗಬೇಕಾದವು. ಪಾಲನ್ನು ಬಿಡದೆ ದ್ವೇಷವನ್ನು ಬಿಡುವುದು, ಹದವಾಗಿ ಬೇಯಿಸಿದ ನೀರಿನ ಮಡಕೆಯ ಹಾಗೆ. ಗಟ್ಟಿಯಾಗಿಯೂ ಇರಬೇಕು, ಬೆವರುವಷ್ಟು ರಂಧ್ರವೂ ಇರಬೇಕು. ಒಳಗಿನದು ತಂಪಾಗಿರುವುದು ಆಗ ಮಾತ್ರ. ಈ ಹದ ಯಾವ ಪುಸ್ತಕದಲ್ಲೂ ಬರೆದಿಲ್ಲ. ಕುಂಬಾರ ಕೆನ್ನೆಗೆ ಒತ್ತಿ ತಿಳಿಯುವ ಹಾಗೆ ಒಬ್ಬೊಬ್ಬರೂ ತಮ್ಮೊಳಗೆ ಮುಟ್ಟಿ ತಿಳಿಯಬೇಕು.

ಕೆರೆಯ ಮಣ್ಣು, ಕುಂಬಾರನ ಮನೆ

ಇಷ್ಟೆಲ್ಲ ಪಾಠ ಹೇಳುವ ಕಸುಬು ಸ್ವತಃ ಕಷ್ಟದಲ್ಲಿದೆ. ಹಿಂದೆ ತಿಗರಿಯಲ್ಲಿ ಕೊಳವೆಯಂತೆ ಎತ್ತಿ, ಉದ್ದಕ್ಕೆ ಎರಡಾಗಿ ಸೀಳಿ ನಾಡಹೆಂಚು ಮಾಡುತ್ತಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಆ ಕೆಲಸ ಹೋಯಿತು. ಆಮೇಲೆ ಅಡುಗೆಯ ಮಡಕೆ ಹೋಯಿತು. ಈಗ ಊರು ಬೆಳೆದು ಕೆರೆಯಂಗಳಗಳೇ ಕಡಿಮೆಯಾಗಿ, ಜೇಡಿಮಣ್ಣನ್ನು ದೂರದಿಂದ ದುಡ್ಡು ಕೊಟ್ಟು ತರಬೇಕಾಗಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ವಿದ್ಯುತ್ ತಿಗರಿಗಳು ಬಂದಿವೆ. ಕೈ ತಿರುಗಿಸುವ ಶ್ರಮ ಕಡಿಮೆಯಾಗಿದೆ, ಆದರೆ ಕೊಳ್ಳುವವರ ಮನಸ್ಸು ತಿರುಗಬೇಕಾದದ್ದು ಇನ್ನೂ ಬಾಕಿ. ಹುಂಡಿಗೆ ನೋಟು ಹಾಕುವ ಕೈ ಹಣತೆ ಕೊಳ್ಳುವಾಗ ಚಿಲ್ಲರೆ ಎಣಿಸಬಾರದು. ತಟ್ಟಿ ನೋಡಿ ಕೊಳ್ಳಲಿ, ಅದು ಗಿರಾಕಿಯ ಹಕ್ಕು, ಕುಂಬಾರನೂ ಅದನ್ನೇ ಬಯಸುತ್ತಾನೆ. ಕಂಚಿನಂತೆ ಖಣ್ಣೆಂದರೆ ಕೇಳಿದ ಬೆಲೆ ಕೊಡಲಿ.

ದೊಣ್ಣೆಗೆ ನಿಮಿಷ ಎಂಬುದು ನಿಜ. ಆ ನಿಮಿಷ ಎಲ್ಲರಿಗೂ ಬರುತ್ತದೆ, ಅರಮನೆಗೂ ಗುಡಿಸಲಿಗೂ. ಅದಕ್ಕೆ ಮುಂಚಿನ ವರುಷ ಮನುಷ್ಯನ ಕೈಯಲ್ಲಿದೆ. ತಾಯಿ ಚಾಮುಂಡೇಶ್ವರಿಯ ದರ್ಶನ ಮಾಡಿ ಮೆಟ್ಟಿಲಿಳಿಯುವ ಭಕ್ತರು ಕೊಟ್ಟ ಒಂದು ಮಾತನ್ನು ಗಟ್ಟಿಯಾಗಿ ಬೇಯಿಸಿಕೊಂಡು, ಹಳೆಯ ಒಂದು ಸಿಟ್ಟನ್ನು ಬೆಟ್ಟದ ಮೇಲೇ ಕರಗಲು ಬಿಟ್ಟು ಹೋದರೆ ಯಾತ್ರೆ ಸಾರ್ಥಕ. ತಾಯಿ ಎಲ್ಲರಿಗೂ ಆ ಹದವನ್ನು ಕರುಣಿಸಲಿ.